ಸೊಪ್ಪಿನ ತೋಟದ ಕೂಲಿಗಾಗಿ ಒಂದು ಮನವಿ

ಮಾನ್ಯರೇ,

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ದಾನಿಯೊಬ್ಬರು ಐದು ವರ್ಷಕ್ಕೆಂದು ಬಿಟ್ಟುಕೊಟ್ಟಿರುವ ಖಾಲಿ ಜಾಗದಲ್ಲಿ ನಮ್ಮ ಟ್ರಸ್ಟ್ ಸೊಪ್ಪು ಬೆಳೆಸುತ್ತಿದೆ. ಅಲ್ಲಿ ದುಡಿಯುವವರು ಸೆರೆಮನೆಯಿಂದ ಬಿಡುಗಡೆಯಾಗಿ ಬಂದವರು. ವಿಷಯ ತಿಳಿದವರು ಬೀಜ, ಕುಂಡ, ಗುದ್ದಲಿ ಕೊಡಲು ಸಂತೋಷದಿಂದ ಮುಂದೆ ಬರುತ್ತಾರೆ. ಅದು ಅವರ ದೊಡ್ಡ ಮನಸ್ಸು. ಆದರೆ ಒಂದು ಕಿಲೋ ದಂಟಿನ ಬೀಜ ತಂದರೆ ನಮ್ಮ ಮಡಿಗಳಿಗೆಲ್ಲ ಬಿತ್ತಿ ಇನ್ನೂ ಮಿಗುತ್ತದೆ. ನಮಗೆ ಸಾಲದೇ ಹೋಗುತ್ತಿರುವುದು ಕೂಲಿಯ ಹಣ. ಈ ಪತ್ರ ಅದಕ್ಕಾಗಿ.

ಸೆರೆಮನೆಯಿಂದ ಹೊರಬಂದವರ ಮೊದಲ ಕೆಲವು ತಿಂಗಳು ಹೇಗಿರುತ್ತವೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದವರು ಸನ್ನಡತೆಯ ಮೇಲೆ ಬಿಡುಗಡೆಯಾಗಬೇಕಾದರೂ ಸಾಮಾನ್ಯವಾಗಿ ಕನಿಷ್ಠ 14 ವರ್ಷ ಒಳಗಿದ್ದಿರಬೇಕು. ಅಷ್ಟರಲ್ಲಿ ಪಡಿತರ ಚೀಟಿಯಿಂದ ಹೆಸರು ಹೋಗಿರುತ್ತದೆ. ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಬೇರೆ ಯಾರದೋ ಕೈಯಲ್ಲಿರುತ್ತದೆ. ಒಟಿಪಿ ಆ ಅಪರಿಚಿತರ ಮೊಬೈಲ್‌ಗೆ ಹೋಗುತ್ತದೆ. ಒಟಿಪಿ ಇಲ್ಲದೆ ಬ್ಯಾಂಕ್ ಖಾತೆ ತೆರೆಯುವುದು ಕಷ್ಟ, ಖಾತೆ ಇಲ್ಲದೆ ಕೆಲಸ ಸಿಗುವುದು ಕಷ್ಟ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ಊರಿನಲ್ಲಿ ಒಂದು ಕೋಣೆ ಹಿಡಿಯುವುದಂತೂ ದೂರದ ಮಾತು. ಈ ಕಾಗದಪತ್ರ ಸರಿಪಡಿಸಿಕೊಳ್ಳಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಅಲೆದಾಡುವ ದಿನ ಕೂಲಿ ಇಲ್ಲ, ಕೂಲಿಗೆ ಹೋದ ದಿನ ಅಲೆದಾಟವಿಲ್ಲ. ಹಳೆಯ ಸ್ನೇಹಿತರು ಕೈಗೆ ಸಾವಿರ ರೂಪಾಯಿ ತುರುಕಿ ಕರೆಯುವುದು ಇದೇ ಹೊತ್ತಿನಲ್ಲಿ.

ಇವರೆಲ್ಲ ಅಪರಾಧಿಗಳೇ ಎಂದುಕೊಳ್ಳಬೇಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅವರಲ್ಲಿ ಎಷ್ಟೋ ಮಂದಿ ಮುಂದೆ ನಿರ್ದೋಷಿಗಳೆಂದು ಹೊರಬರುತ್ತಾರೆ. ಆದರೆ ಇದ್ದ ಕೆಲಸ ಹೋಗಿರುತ್ತದೆ, ಹೆಸರಂತೂ ಹೋಗಿಯೇ ಇರುತ್ತದೆ.

ಸೊಪ್ಪೇ ಏಕೆ? ಬೇಗ ಕೈಗೆ ಬರುತ್ತದೆ, ಅದಕ್ಕೆ. ಮೆಂತ್ಯ ಬಿತ್ತಿದರೆ ತಿಂಗಳೊಳಗೆ ಕಿತ್ತು ಮಾರಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ದಂಟಿನ ತಳಿಯನ್ನು ಒಮ್ಮೆ ಕೊಯ್ದರೆ ಮತ್ತೆ ಚಿಗುರುತ್ತದೆ. ಒಂದೇ ಬಿತ್ತನೆಯಲ್ಲಿ ಹಲವು ಕೊಯ್ಲು. ವರ್ಷಗಟ್ಟಲೆ ದಿನ ಎಣಿಸಿದವರಿಗೆ ಮಾವಿನ ಸಸಿ ಕೊಟ್ಟು ‘ಕಾಯಿರಿ’ ಎನ್ನುವುದು ನ್ಯಾಯವಲ್ಲ. ಇವರಲ್ಲಿ ಕೆಲವರಿಗೆ ನಾವು ಹೇಳಿಕೊಡುವುದು ಏನೂ ಇಲ್ಲ. ರಾಜ್ಯದ ಬಯಲು ಬಂದೀಖಾನೆ ಇರುವುದು ಕೋರಮಂಗಲದಲ್ಲಿ (ಐಟಿ ಕಂಪನಿಗಳ ಕೋರಮಂಗಲವಲ್ಲ, ದೇವನಹಳ್ಳಿ ತಾಲ್ಲೂಕಿನ ಹಳ್ಳಿ). ಸನ್ನಡತೆಯ ಕೈದಿಗಳು ಅಲ್ಲಿ ಬೇಸಾಯ ಮಾಡುತ್ತಾರೆ. ಕಲಿತ ಕೆಲಸ ಕೈಯಲ್ಲಿರುತ್ತದೆ, ಹೊರಗೆ ಬಂದಾಗ ಕಾಲೂರಲು ನೆಲ ಇರುವುದಿಲ್ಲ.

ನಮ್ಮ ತೋಟದಲ್ಲಿ ಮಂಡ್ಯದ ಕಡೆಯವರೊಬ್ಬರಿದ್ದಾರೆ. ಬೆಳಗಿನ ಜಾವ ಅವರು ಸೊಪ್ಪಿನ ಕಟ್ಟು ಕಟ್ಟುವುದನ್ನು ನೋಡಬೇಕು. ಹಿಡಿ ಸೊಪ್ಪನ್ನು ಬೇರು ಸಮೇತ ಕಿತ್ತು, ಮಣ್ಣು ಉದುರಲು ಅಂಗೈಗೆ ಎರಡು ಸಲ ಬಡಿದು, ಬೇರುಗಳನ್ನು ಒಂದೇ ಮಟ್ಟಕ್ಕೆ ತಂದು, ನೆನೆಸಿದ ಬಾಳೆನಾರು ಸುತ್ತಿ ತಿರುಚಿ ಸಿಕ್ಕಿಸುತ್ತಾರೆ, ಗಂಟು ಹಾಕುವುದಿಲ್ಲ. ರಬ್ಬರ್ ಬ್ಯಾಂಡ್ ತಂದುಕೊಟ್ಟರೆ ಬೇಡವೆಂದರು. ದಂಟು ನಲುಗುತ್ತದಂತೆ.

ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದವರಿದ್ದಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೌಂಟಿ ಜೈಲಿನಲ್ಲಿ ಆಪ್ತಸಲಹೆಗಾರರಾಗಿದ್ದ ಕ್ಯಾಥರಿನ್ ಸ್ನೀಡ್ 1980ರ ದಶಕದಲ್ಲಿ ಕೈದಿಗಳ ಕೈಯಿಂದ ತರಕಾರಿ ಬೆಳೆಸಲು ಶುರು ಮಾಡಿದರು. ಬೆಳೆದದ್ದು ಬಡವರ ಊಟದ ಮನೆಗಳಿಗೆ ಹೋಗುತ್ತಿತ್ತು. ಆದರೆ ಬಿಡುಗಡೆಯಾದವರು ಹೊರಗೆ ಕೆಲಸ ಕಾಣದೆ ಮತ್ತೆ ಜೈಲು ಸೇರುವುದನ್ನು ನೋಡಿ, 1992ರಲ್ಲಿ ಹೊರಬಂದವರಿಗಾಗಿಯೇ ‘ಗಾರ್ಡನ್ ಪ್ರಾಜೆಕ್ಟ್’ ಆರಂಭಿಸಿದರು. ಒಳಗಿನ ತೋಟವೊಂದೇ ಸಾಲದು, ಹೊರಗೂ ಸಂಬಳದ ಕೆಲಸ ಬೇಕು ಎಂಬುದನ್ನು ನಾವು ಅವರಿಂದ ಕಲಿತೆವು.

ಇನ್ನು ಸೊಪ್ಪು ತಿನ್ನುವವರ ಮಾತು. ದಿನಕ್ಕೆ 400 ಗ್ರಾಂ ತರಕಾರಿ, ಅದರಲ್ಲಿ ಸೊಪ್ಪೂ ಸೇರಿ, ತಟ್ಟೆಯಲ್ಲಿರಬೇಕು ಎನ್ನುತ್ತದೆ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ 2024ರ ಮಾರ್ಗಸೂಚಿ. ನಮ್ಮ ಸುತ್ತಲಿನ ಬೀದಿಗಳಲ್ಲಿ ಅದರ ಕಾಲು ಭಾಗ ತಿನ್ನುವವರೂ ಕಡಿಮೆ. ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇರುವುದು ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯಲ್ಲಿ ಕಂಡಿದೆ. ಸೊಪ್ಪು ತಿಂದರೆ ಸಾಕು, ರಕ್ತಹೀನತೆ ವಾಸಿಯಾಗುತ್ತದೆ ಎಂದು ನಾವು ಹೇಳುವುದಿಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗಲೇಬೇಕು. ಆದರೆ ವಾರಕ್ಕೆ ಮೂರು ದಿನ ಬಸ್ಸಾರು, ಮಸ್ಸೊಪ್ಪು ಮಾಡಿ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಯಾರಿಗೂ ನಷ್ಟವಿಲ್ಲ. ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪಿನ ಭಯ ಬೆಂಗಳೂರಿಗರಿಗೆ ಹೊಸದಲ್ಲ, ಆದ್ದರಿಂದ ನಾವು ಕೊಳವೆಬಾವಿಯ ನೀರನ್ನೇ ಬಳಸುತ್ತೇವೆ. ನೀರು ಮತ್ತು ಮಣ್ಣಿನ ಪರೀಕ್ಷೆಯ ವರದಿಯನ್ನು ಗೇಟಿನ ಬಳಿಯೇ ಅಂಟಿಸಿದ್ದೇವೆ.

ಅಕ್ಕಪಕ್ಕದವರು ಮೊದಲು ಕೇಳಿದ್ದು, ‘ಇವರು ಏನು ಮಾಡಿ ಜೈಲಿಗೆ ಹೋಗಿದ್ದರು?’ ಎಂದು. ಕೇಳಿದ್ದರಲ್ಲಿ ತಪ್ಪಿಲ್ಲ. ಒಬ್ಬೊಬ್ಬರ ಕಥೆಯನ್ನು ನಾವು ಹೇಳುವುದಿಲ್ಲ, ಅದು ಅವರದು. ನಿಯಮವನ್ನು ಮಾತ್ರ ಹೇಳುತ್ತೇವೆ. ಮಕ್ಕಳ ಮೇಲಿನ ಅಪರಾಧಕ್ಕೆ ಶಿಕ್ಷೆಯಾದವರನ್ನು ಈ ತೋಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಇಲ್ಲಿ ಯಾರಿದ್ದಾರೆಂಬುದು ಪೊಲೀಸ್ ಠಾಣೆಗೆ ಗೊತ್ತಿದೆ. ಅಂಗನವಾಡಿಗೆ ಸೊಪ್ಪು ಮುಟ್ಟಿಸುವುದು ಟ್ರಸ್ಟ್ ಸಿಬ್ಬಂದಿ.

ಈಗ ಲೆಕ್ಕ. ಒಂದು ತಂಡ ತೋಟದಲ್ಲಿ ದುಡಿಯುವುದು ಆರು ತಿಂಗಳು. ಒಬ್ಬರಿಗೆ ದಿನಗೂಲಿ 650 ರೂಪಾಯಿ. ತಿಂಗಳಿಗೆ 26 ದಿನದಂತೆ 16,900, ಆರು ತಿಂಗಳಿಗೆ 1,01,400. ಮುಂದಿನ ತಂಡದಲ್ಲಿ ಎಂಟು ಮಂದಿ ಬರುವವರಿದ್ದಾರೆ. ಒಟ್ಟು 8,11,200 ರೂಪಾಯಿ ಬೇಕು. ಸೊಪ್ಪು ಮಾರಿ ಬರುವ ಹಣ ವಿದ್ಯುತ್ ಬಿಲ್ಲು, ಗೊಬ್ಬರ, ಸಾಗಣೆಗೆ ಸರಿಹೋಗುತ್ತದೆ. ಅದರಿಂದಲೇ ಕೂಲಿಯನ್ನೂ ಕೊಡುತ್ತೇವೆಂದರೆ ಅದು ಸುಳ್ಳಾಗುತ್ತದೆ. ತಿಂಗಳಿಗೆರಡು ದಿನ ಕಾಗದಪತ್ರದ ಓಡಾಟಕ್ಕೆ ಕೂಲಿ ಸಹಿತ ರಜೆ ಕೊಡುತ್ತೇವೆ. ಅದೂ ಈ ಮೊತ್ತದಲ್ಲೇ ಸೇರಿದೆ.

ಒಂದು ದಿನದ ಕೂಲಿ ಕೊಟ್ಟರೂ ಸಂತೋಷ, ಒಬ್ಬರ ಆರು ತಿಂಗಳ ಕೂಲಿಯನ್ನು ನಾಲ್ಕು ಮನೆಯವರು ಸೇರಿ ವಹಿಸಿಕೊಂಡರೆ ಇನ್ನೂ ಸಂತೋಷ. ಪ್ಯಾನ್ ಸಂಖ್ಯೆ ಕೊಟ್ಟವರಿಗೆ ದೇಣಿಗೆಯ ಮೇಲೆ ಆದಾಯ ತೆರಿಗೆ ವಿನಾಯಿತಿ ಪಡೆಯಲು ಬೇಕಾದ ರಸೀದಿ ಕೊಡುತ್ತೇವೆ. 2,000 ರೂಪಾಯಿ ಮೀರಿದ ನಗದಿಗೂ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಆ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸುತ್ತಿದ್ದೇವೆ. ಹೊರದೇಶದಲ್ಲಿರುವ ಕನ್ನಡಿಗರಲ್ಲಿ ಭಾರತದ ಪೌರತ್ವ ಇರುವವರು ಇಲ್ಲಿನ ತಮ್ಮ ಬ್ಯಾಂಕ್ ಖಾತೆಯಿಂದ ಕಳಿಸಬಹುದು. ವಿದೇಶಿ ದೇಣಿಗೆ ಪಡೆಯುವ ನೋಂದಣಿ ನಮಗಿಲ್ಲದ ಕಾರಣ, ಬೇರೆ ದೇಶದ ಪೌರರಾದವರು ದಯವಿಟ್ಟು ಹಣ ಕಳಿಸಬೇಡಿ. ಇಲ್ಲಿರುವ ನಿಮ್ಮ ಬಂಧುಗಳಿಗೆ ಈ ಪತ್ರ ತೋರಿಸಿ.

ನಿಮ್ಮ ಅಪಾರ್ಟ್‌ಮೆಂಟಿಗೆ, ನರ್ಸರಿಗೆ, ಶಾಲೆಗೆ ಮಾಲಿ ಬೇಕಿದ್ದರೆ ಹೇಳಿ ಕಳಿಸಿ. ಆರು ತಿಂಗಳು ಮುಗಿಸಿದವರು ಕೆಲಸಕ್ಕೆ ಸಿದ್ಧರಿದ್ದಾರೆ. ಶನಿವಾರ ಬೆಳಿಗ್ಗೆ ಗೇಟಿನ ಬಳಿ ಸೊಪ್ಪು ಮಾರುತ್ತೇವೆ, ಚೀಲ ನೀವೇ ತನ್ನಿ.

ಇಂತಿ,
ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ