ಪಿಸ್ತೂಲಿಗಿಂತ ಮೊದಲು ನಿಯಮ ಕನ್ನಡದಲ್ಲಿ ಮಕ್ಕಳ ಕೈಸೇರಲಿ

ಮಾನ್ಯ ಸಂಪಾದಕರೆ,

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರು 10 ಮೀಟರ್ ಏರ್ ಪಿಸ್ತೂಲಿನಲ್ಲಿ ಒಂದು, ಸರಬ್ಜೋತ್ ಸಿಂಗ್ ಅವರ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚಿನ ಪದಕ ಗೆದ್ದ ಮೇಲೆ, ನಮ್ಮ ಹುಬ್ಬಳ್ಳಿ-ಧಾರವಾಡದ ಪಾಲಕರಲ್ಲಿಯೂ ಮಕ್ಕಳನ್ನು ಶೂಟಿಂಗ್ ತರಬೇತಿಗೆ ಸೇರಿಸುವ ಉಮೇದು ಕಾಣುತ್ತಿದೆ. ನನ್ನ ತಂಗಿಯ ಮಗಳೂ ಹಾಗೆ ಸೇರಿದವಳು. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾದ ನನಗೆ ಇದರಿಂದ ಸಂತೋಷವೇ ಆಗಿದೆ. ಆದರೂ ಕಳೆದ ಬೇಸಿಗೆಯಲ್ಲಿ ಒಂದು ತರಬೇತಿ ಕೇಂದ್ರದಲ್ಲಿ ಕಣ್ಣಾರೆ ಕಂಡ ಪ್ರಸಂಗ ಈ ಪತ್ರ ಬರೆಯಲು ಹಚ್ಚಿದೆ.

ಆ ದಿನ ಕುಂದಗೋಳ ಕಡೆಯ ಒಬ್ಬ ಹುಡುಗ, ಹದಿಮೂರು ಹದಿನಾಲ್ಕರ ವಯಸ್ಸಿನವನು, ಏರ್ ಪಿಸ್ತೂಲಿಗೆ ಪೆಲೆಟ್ ಎಂಬ ಸಣ್ಣ ಗುಂಡು ತುಂಬಿಕೊಂಡು ನಿಂತಿದ್ದ. ಅವನ ಕೈ ಸ್ವಲ್ಪ ಬಲಕ್ಕೆ ವಾಲಿದ್ದನ್ನು ಕಂಡು ತರಬೇತುದಾರರು ಹಿಂದಿನಿಂದ 'ಮಝಲ್ ಡೌನ್‌ರೇಂಜ್' ಎಂದು ಕೂಗಿದರು. ಹುಡುಗನಿಗೆ ತಿಳಿಯಲಿಲ್ಲ. ಅವರು ಮತ್ತೊಮ್ಮೆ ಇನ್ನೂ ಗಟ್ಟಿಯಾಗಿ ಕೂಗಿದಾಗ, ಗುರುಗಳು ಕರೆಯುತ್ತಿದ್ದಾರೆಂದು ಬಗೆದ ಅವನು ಪಿಸ್ತೂಲಿನ ಸಮೇತ ಪೂರ್ತಿ ಹಿಂದಕ್ಕೆ ತಿರುಗಿಬಿಟ್ಟ. ನಳಿಗೆ ನೇರವಾಗಿ ನಾವು ಐದಾರು ಜನ ಕುಳಿತಿದ್ದ ಬೆಂಚಿನ ಕಡೆಗಿತ್ತು, ಬೆರಳು ಟ್ರಿಗರಿನ ಮೇಲಿತ್ತು. ನನ್ನ ಪಕ್ಕದಲ್ಲಿ ತಂಗಿಯ ಮಗಳು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಏನೂ ಆಗಲಿಲ್ಲ, ದೇವರು ದೊಡ್ಡವನು. ತರಬೇತುದಾರರು ಓಡಿಬಂದು ಪಿಸ್ತೂಲು ಕಸಿದುಕೊಂಡು ಹುಡುಗನನ್ನು ಬೈದು ಹೊರಗೆ ಕಳಿಸಿದರು. ಆಮೇಲೆ ನಳದ ಹತ್ತಿರ ಮುಖ ತೊಳೆಯುತ್ತಿದ್ದ ಅವನ ಬಳಿಗೆ ನಾನು ಹೋದಾಗ, ಅಳು ನುಂಗಿಕೊಂಡು ಅವನು ಕೇಳಿದ್ದು ಒಂದೇ ಮಾತು: "ಸರ, ಮಝಲ್ ಅಂದ್ರ ಏನ್ರಿ?"

ಮಝಲ್ ಎಂದರೆ ನಳಿಗೆಯ ಬಾಯಿ. ಡೌನ್‌ರೇಂಜ್ ಎಂದರೆ ಗುರಿಫಲಕದ ಹಿಂದಿನ ಮಣ್ಣಿನ ದಿಬ್ಬ ಅಥವಾ ಗೋಡೆಯ ದಿಕ್ಕು. ಈ ಎರಡು ಮಾತುಗಳನ್ನು ಆ ಹುಡುಗನಿಗೆ ಅವನ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ಹಾಗಿರುವಾಗ ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಬಗೆಯ ಪಿಸ್ತೂಲು ಸ್ಪರ್ಧೆ. ಕೆಲವು ವರ್ಷಗಳ ಹಿಂದೆ ಮಗಳು ಉದ್ಯೋಗದ ನಿಮಿತ್ತ ಚೆಕ್ ಗಣರಾಜ್ಯದ ಬ್ರನೋ ನಗರದಲ್ಲಿದ್ದಾಗ, ಅಲ್ಲಿಗೆ ಹೋದ ನಾನು ಒಂದು ಭಾನುವಾರ ಪ್ರಾಕ್ಟಿಕಲ್ ಶೂಟಿಂಗ್ ಪಂದ್ಯ ನೋಡಲು ಹೋಗಿದ್ದೆ. ನಮ್ಮ ಯುವಕರು ಮೊಬೈಲಿನಲ್ಲಿ ನೋಡುವ, ಸೊಂಟದಿಂದ ಪಿಸ್ತೂಲು ಸೆಳೆದು, ಓಡುತ್ತ, ಗೋಡೆಯ ಮರೆಯಿಂದ ಬಗ್ಗಿ ಹೊಡೆಯುವ ಆಟವೇ ಅದು. ನೋಡಿದವರಿಗೆ ಸಿನಿಮಾದ ಹೊಡೆದಾಟದಂತೆ ತೋರುವುದು ಸಹಜ. ಮೈದಾನದಲ್ಲಿ ನಾಲ್ಕು ತಾಸು ನಿಂತು ನೋಡಿದ ಮೇಲೆ ನನಗನಿಸಿದ್ದೇ ಬೇರೆ: ಇಷ್ಟು ಕಟ್ಟುನಿಟ್ಟಾದ ಇನ್ನೊಂದು ಆಟವನ್ನು ನಾನು ಕಂಡಿಲ್ಲ.

ಈ ಕ್ರೀಡೆಯನ್ನು ನಡೆಸುವ ಅಂತರರಾಷ್ಟ್ರೀಯ ಒಕ್ಕೂಟ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಸ್ಥಾಪನೆಯಾಯಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ನಿಖರತೆ, ಬಲ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳು ಅದರ ಧ್ಯೇಯವಾಕ್ಯ. ಮೂರಕ್ಕೂ ತೂಕ ಕೊಡುವುದಕ್ಕಾಗಿಯೇ ಅಂಕದ ಲೆಕ್ಕವನ್ನು ಬೇರೆ ರೀತಿ ಕಟ್ಟಿದ್ದಾರೆ. ಕಂದು ರಟ್ಟಿನ ಗುರಿಫಲಕದ ನಡುವಿನ ಎ ವಲಯಕ್ಕೆ 5 ಅಂಕ. ಅದರ ಸುತ್ತಲಿನ ಸಿ ಮತ್ತು ಡಿ ವಲಯಗಳಿಗೆ ಸಾಧಾರಣ ಶಕ್ತಿಯ ಗುಂಡಾದರೆ 3 ಮತ್ತು 1, ಹೆಚ್ಚು ಶಕ್ತಿಯದಾದರೆ 4 ಮತ್ತು 2. ಗುಂಡಿನ ಶಕ್ತಿಯನ್ನು ಬಾಯಿಮಾತಿನಲ್ಲಿ ನಂಬುವುದಿಲ್ಲ: ಗ್ರೇನ್ ಎಂಬ ಅಳತೆಯಲ್ಲಿ ಗುಂಡಿನ ತೂಕವನ್ನು ಸೆಕೆಂಡಿಗೆ ಇಷ್ಟು ಅಡಿ ಎಂಬ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಕನಿಷ್ಠ 125 ಬರಬೇಕು, ಅದನ್ನು ಪಂದ್ಯದ ಸ್ಥಳದಲ್ಲಿಯೇ ಯಂತ್ರವಿಟ್ಟು ಅಳೆಯುತ್ತಾರೆ. ಗುರಿ ತಪ್ಪಿದರೆ 10 ಅಂಕ ಕಳೆಯುತ್ತಾರೆ. ಹೊಡೆಯಬಾರದೆಂದು ನಿಲ್ಲಿಸಿದ ಫಲಕಕ್ಕೆ ಗುಂಡು ತಗುಲಿದರೂ 10 ಹೋಗುತ್ತದೆ. ಕೊನೆಗೆ ಉಳಿದ ಅಂಕವನ್ನು, ಆರಂಭದ ಬೀಪ್ ಸದ್ದಿನಿಂದ ಕೊನೆಯ ಗುಂಡಿನ ಸದ್ದಿನವರೆಗೆ ಟೈಮರ್ ಅಳೆದ ಸೆಕೆಂಡುಗಳಿಂದ ಭಾಗಿಸುತ್ತಾರೆ.

ಒಂದು ಉದಾಹರಣೆ ಕೊಟ್ಟರೆ ಇದು ಸ್ಪಷ್ಟವಾದೀತು. ಒಂಬತ್ತು ಫಲಕ, ಒಂದೊಂದಕ್ಕೆ ಎರಡರಂತೆ ಸಾಧಾರಣ ಶಕ್ತಿಯ 18 ಗುಂಡು, ಗರಿಷ್ಠ 90 ಅಂಕ ಎನ್ನೋಣ. ಮೊದಲನೆಯವನು ಹದಿನೆಂಟನ್ನೂ ನಡುವಿಗೇ ಹೊಡೆದ, ಆದರೆ 30 ಸೆಕೆಂಡು ತೆಗೆದುಕೊಂಡ: ಭಾಗಲಬ್ಧ 3. ಎರಡನೆಯವಳು ಹದಿನೈದನ್ನು ನಡುವಿಗೆ, ಮೂರನ್ನು ಸಿ ವಲಯಕ್ಕೆ ಹೊಡೆದು 84 ಅಂಕ ಗಳಿಸಿ 24 ಸೆಕೆಂಡಿನಲ್ಲಿ ಮುಗಿಸಿದಳು: 3.5. ಮೂರನೆಯವನು 20 ಸೆಕೆಂಡಿಗೇ ಮುಗಿಸಿದ, ಆದರೆ ಅವಸರದಲ್ಲಿ ನಾಲ್ಕು ಗುಂಡು ಸಿ ವಲಯಕ್ಕೆ ಬಿದ್ದು, ಒಂದು ಗುರಿಯನ್ನೇ ತಪ್ಪಿ, ದಂಡ ಕಳೆದು 67 ಉಳಿಯಿತು: 3.35. ಗೆದ್ದವಳು ಎರಡನೆಯವಳು. ನಿಧಾನವೇ ಪ್ರಧಾನ ಎನ್ನುವವನೂ ಸೋತ, ಅವಸರದವನೂ ಸೋತ. ಗಣಿತದ ಮೇಷ್ಟ್ರು ಭಿನ್ನರಾಶಿ ಕಲಿಸಲು ಇದನ್ನು ಬಳಸಿಕೊಳ್ಳಬಹುದು ಎಂದು ನನಗೆ ಅಲ್ಲಿಯೇ ಅನಿಸಿತ್ತು.

ಸಲಕರಣೆಗೂ ಅಷ್ಟೇ ಬಿಗಿಯಾದ ಕಟ್ಟಳೆಗಳಿವೆ. ಓಪನ್, ಸ್ಟ್ಯಾಂಡರ್ಡ್, ಪ್ರೊಡಕ್ಷನ್, ಕ್ಲಾಸಿಕ್, ರಿವಾಲ್ವರ್ ಮುಂತಾದ ವಿಭಾಗಗಳನ್ನು ಮಾಡಿರುವುದರಿಂದ, ಕೆಂಪು ಚುಕ್ಕೆಯ ದೃಷ್ಟಿಯಂತ್ರ ಹಚ್ಚಿದ ಪಿಸ್ತೂಲು ಸಾದಾ ಪಿಸ್ತೂಲಿನ ಜೊತೆ ಸೆಣಸಬೇಕಾಗಿಲ್ಲ. ಸ್ಟ್ಯಾಂಡರ್ಡ್ ವಿಭಾಗದ ಪಿಸ್ತೂಲು, ಗುಂಡು ತುಂಬುವ ಮ್ಯಾಗಜಿನ್ ಹಾಕಿದ ಸ್ಥಿತಿಯಲ್ಲಿ, 225 ಮಿ.ಮೀ. ಉದ್ದ, 150 ಎತ್ತರ, 45 ಅಗಲದ ಪೆಟ್ಟಿಗೆಯೊಳಗೆ ಕೂಡಬೇಕು. ಕೂಡದಿದ್ದರೆ ಆ ವಿಭಾಗದಲ್ಲಿ ಅದಕ್ಕೆ ಜಾಗವಿಲ್ಲ. ಪ್ರೊಡಕ್ಷನ್ ವಿಭಾಗದಲ್ಲಿ ಹೆಸರಾದ ಶ್ಯಾಡೋ 2 ಪಿಸ್ತೂಲು ಚೆಕ್ ದೇಶದ್ದೇ ಆದ ಸಿಝಡ್ ಕಾರ್ಖಾನೆಯದು. ಪಿಸ್ತೂಲು ಸಿಕ್ಕಿಸಿಕೊಳ್ಳುವ ಸೊಂಟದ ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚುವಂತಿರಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚುಗೆ ಪ್ರೇಕ್ಷಕರಿಗೂ ಬೇಕು. ನನಗೂ ಬಾಗಿಲಲ್ಲಿಯೇ ಕೊಟ್ಟರು.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಸುರಕ್ಷತೆಯ ವಿಷಯ. ಅಲ್ಲಿ ತನ್ನ ಸರದಿ ಬಂದು, ಸುರಕ್ಷತೆಯ ಕಾವಲಿಗೆ ನಿಂತ ಅಧಿಕಾರಿಯಾದ ರೇಂಜ್ ಆಫೀಸರ್ ಹೇಳುವವರೆಗೆ ಯಾರ ಪಿಸ್ತೂಲಿನಲ್ಲಿಯೂ ಗುಂಡಿರುವುದಿಲ್ಲ. ಪಿಸ್ತೂಲು ಚೀಲದಿಂದ ತೆಗೆಯಲು, ಒರೆಸಲು ಪ್ರತ್ಯೇಕ ಸುರಕ್ಷಾ ಜಾಗವಿದೆ. ಅಲ್ಲಿ ಮದ್ದುಗುಂಡು ಮುಟ್ಟುವಂತಿಲ್ಲ, ಡಮ್ಮಿ ಗುಂಡನ್ನೂ ಮುಟ್ಟುವಂತಿಲ್ಲ. ಆಟದ ನಡುವೆ ನಳಿಗೆ ಎದುರಿನ ದಿಬ್ಬದ ದಿಕ್ಕಿನಿಂದ ಯಾವ ಕಡೆಗೂ 90 ಡಿಗ್ರಿ ದಾಟಬಾರದು. ಗುರಿಯಿಟ್ಟು ಹೊಡೆಯುವ ಹೊತ್ತು ಬಿಟ್ಟರೆ, ಅಂದರೆ ಓಡುವಾಗ, ಗುಂಡು ತುಂಬುವಾಗ, ಸಿಕ್ಕಿಕೊಂಡ ಗುಂಡನ್ನು ಬಿಡಿಸುವಾಗ, ಬೆರಳು ಟ್ರಿಗರಿನ ಸುತ್ತಲಿನ ಬಳೆಯ, ಅಂದರೆ ಟ್ರಿಗರ್ ಗಾರ್ಡಿನ, ಹೊರಗೆ ಎಲ್ಲರಿಗೂ ಕಾಣುವಂತಿರಬೇಕು. ಇವುಗಳಲ್ಲಿ ಒಂದನ್ನು ಮುರಿದರೂ, ಪಿಸ್ತೂಲು ಕೈಜಾರಿ ಬಿದ್ದರೂ, ಆ ಸ್ಪರ್ಧಿ ಇಡೀ ಪಂದ್ಯದಿಂದ ಹೊರಗೆ. ಎಚ್ಚರಿಕೆ ಕೊಟ್ಟು ಬಿಡುವ ಪದ್ಧತಿ ಇಲ್ಲ.

ಇದು ಬರೀ ಕಾಗದದ ಮೇಲಿನ ಮಾತಲ್ಲವೆಂಬುದನ್ನು ಆ ದಿನವೇ ಕಂಡೆ. ನರೆತ ಗಡ್ಡದ ಒಬ್ಬ ಅನುಭವಿ ಆಟಗಾರರು ಎಡಕ್ಕೆ ಓಡುತ್ತ ಮ್ಯಾಗಜಿನ್ ಬದಲಿಸುವಾಗ ನಳಿಗೆ ಸ್ವಲ್ಪ ಹಿಂದಕ್ಕೆ ಸರಿಯಿತು. ಬಲಗೈಯವರು ಎಡಕ್ಕೆ ಓಡುವಾಗ ಆಗುವ ತಪ್ಪು ಅದು ಎಂದು ಆಮೇಲೆ ಯಾರೋ ವಿವರಿಸಿದರು. ಅವರ ಹೆಗಲ ಹಿಂದೆಯೇ ಓಡುತ್ತಿದ್ದ ರೇಂಜ್ ಆಫೀಸರ್ 'ಸ್ಟಾಪ್' ಎಂದರು. ಆಟಗಾರರು ನಿಂತಲ್ಲಿಯೇ ನಿಂತರು, ವಾದ ಮಾಡಲಿಲ್ಲ. ಪಿಸ್ತೂಲು ಖಾಲಿ ಮಾಡಿ ತೋರಿಸಿ ಚೀಲದಲ್ಲಿಟ್ಟರು. ಮನೆಗೆ ಹೋದಾರು ಎಂದುಕೊಂಡೆ. ಅವರು ಹೋಗಲಿಲ್ಲ, ಕಂದು ಚೀಟಿಯ ಸುರುಳಿ ಹಿಡಿದು ಉಳಿದವರು ಹೊಡೆದ ಫಲಕಗಳ ತೂತುಗಳಿಗೆ ಸಂಜೆಯವರೆಗೆ ಚೀಟಿ ಅಂಟಿಸುತ್ತ ಇದ್ದರು. ನಮ್ಮ ಗರಡಿಮನೆಗಳಲ್ಲಿ ವಸ್ತಾದರು ಹೊಸ ಹುಡುಗನನ್ನು ಮೊದಲು ಅಖಾಡದ ಮಣ್ಣು ಹದ ಮಾಡಲು ಹಚ್ಚುತ್ತಿದ್ದರಲ್ಲ, ಅದು ನೆನಪಾಯಿತು.

ಇದನ್ನು ಓದಿ ಆ ಆಟವನ್ನು ಇಲ್ಲಿಯೇ ಆಡಬೇಕೆಂದು ಹೊರಡುವ ಯುವಕರಿಗೆ ಒಂದು ಮಾತು ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲಿ, ಆ ಕ್ರೀಡೆಯಲ್ಲಿ ಎಲ್ಲೆಡೆ ಬಳಕೆಯಲ್ಲಿರುವ 9 ಮಿ.ಮೀ. ಪಿಸ್ತೂಲು ನಮ್ಮಲ್ಲಿ ನಿಷಿದ್ಧ ಬೋರಿನ (ನಳಿಗೆಯ ಒಳ ಅಳತೆಯ) ಪಟ್ಟಿಯಲ್ಲಿದೆ. ಸಾಮಾನ್ಯ ನಾಗರಿಕರು ಅದನ್ನು ಹೊಂದುವಂತಿಲ್ಲ. ಆ ಕಾನೂನಿನ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಮಕ್ಕಳಿಗೆ ತೆರೆದಿರುವ ದಾರಿ 10 ಮೀಟರ್ ಏರ್ ಪಿಸ್ತೂಲು, ಮುಂದೆ .22 ಬೋರಿನ 25 ಮೀಟರ್ ಸ್ಪರ್ಧೆಗಳು. ಅವೇನೂ ಸಣ್ಣ ದಾರಿಯಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದವರು. 75 ನಿಮಿಷದಲ್ಲಿ 60 ಗುಂಡು, ಹತ್ತು ಮೀಟರ್ ದೂರದಲ್ಲಿ 11.5 ಮಿ.ಮೀ. ಅಗಲದ ಹತ್ತು ಅಂಕದ ವೃತ್ತ, ಒಂದೇ ಕೈಯಲ್ಲಿ ಹಿಡಿದ ಪಿಸ್ತೂಲು: ಇದಕ್ಕೆ ಬೇಕಾದ ತಾಳ್ಮೆ ಓಡಿ ಹೊಡೆಯುವ ಆಟದ್ದಕ್ಕಿಂತ ಕಡಿಮೆಯದಲ್ಲ.

ತರಬೇತಿಯ ತಳಹದಿಯೂ ಎರಡಕ್ಕೂ ಒಂದೇ. ನೋಟ ಗುರಿಫಲಕದ ಮೇಲಲ್ಲ, ಪಿಸ್ತೂಲಿನ ಮುಂದಿನ ಸೈಟಿನ, ಅಂದರೆ ಗುರಿ ಹಿಡಿಯುವ ಮೊನೆಯ, ಮೇಲೆ ನೆಲೆಸಬೇಕು. ಟ್ರಿಗರನ್ನು ಜಗ್ಗದೆ, ಕೈ ಅಲುಗದಂತೆ ಹಿಂದಕ್ಕೆ ಒತ್ತುತ್ತ ಬರಬೇಕು. ಇದನ್ನು ಕಲಿಯಲು ಗುಂಡೇ ಬೇಕಾಗಿಲ್ಲ. ಗುಂಡಿಲ್ಲದೆ ಮಾಡುವ ಡ್ರೈ ಫೈರ್ ಅಭ್ಯಾಸದಿಂದಲೇ ದೊಡ್ಡ ಆಟಗಾರರೂ ಬೆಳೆಯುತ್ತಾರೆ, ಪಾಲಕರ ರೊಕ್ಕವೂ ಉಳಿಯುತ್ತದೆ. ನನ್ನ ತಂಗಿಯ ಮಗಳು ಬರಿಯ ಗೋಡೆಯ ಮುಂದೆ ನಿಂತು, ಪೆಲೆಟ್ ಇಲ್ಲದೆ, ದಿನಕ್ಕೆ ಇಪ್ಪತ್ತು ನಿಮಿಷ ಇದನ್ನೇ ಮಾಡುತ್ತಾಳೆ. ಆದರೆ ಅಭ್ಯಾಸದ ಕೋಣೆಯಲ್ಲಿ ಪೆಲೆಟ್ ಡಬ್ಬಿ ಇರಕೂಡದು ಎಂಬ ಕಟ್ಟಳೆ ಮನೆಯಲ್ಲಿಯೂ ಇರಲಿ. ಪೆಲೆಟ್ ಸೀಸದ್ದು, ಆದ್ದರಿಂದ ತರಬೇತಿ ಮುಗಿದ ಮೇಲೆ ಕೈ ತೊಳೆಯದೆ ಮಕ್ಕಳು ಬುತ್ತಿ ಬಿಚ್ಚದಂತೆಯೂ ಪಾಲಕರು ನೋಡಿಕೊಳ್ಳಬೇಕು.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳಲ್ಲಿ ಪಿಸ್ತೂಲು ಕಲಿಸುವ ಮತ್ತು ಮುಂದೆ ಕಲಿಸಲು ಹೊರಡುವ ಎಲ್ಲರಲ್ಲಿ, ಹಾಗೂ ಅವರಿಗೆ ಅನುಮತಿ ಕೊಡುವವರಲ್ಲಿ ನನ್ನ ವಿನಂತಿ ಇಷ್ಟು. ಸುರಕ್ಷತೆಯ ನಿಯಮಗಳನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಗುಂಡು ಹಾರಿಸುವ ಸಾಲಿನ ಎದುರಿಗೇ ತೂಗುಹಾಕಬೇಕು. ಅವುಗಳನ್ನು ಬಾಯಿಪಾಠವಾಗಿ ಹೇಳಿ, ಮಾಡಿ ತೋರಿಸುವವರೆಗೆ ಯಾವ ಮಗುವಿನ ಕೈಗೂ ಪಿಸ್ತೂಲು ಕೊಡಬಾರದು. ಗುರಿ ಕಲಿಸುವವರೇ ಕಾವಲನ್ನೂ ಕಾಯುವಂತಾಗಬಾರದು; ಪ್ರಾಕ್ಟಿಕಲ್ ಶೂಟಿಂಗಿನಲ್ಲಿರುವಂತೆ, ಮಕ್ಕಳ ಕೈ ಮತ್ತು ನಳಿಗೆಯನ್ನು ಬಿಟ್ಟು ಬೇರೇನನ್ನೂ ನೋಡದ ಒಬ್ಬ ರೇಂಜ್ ಆಫೀಸರ್ ಪ್ರತಿ ತರಬೇತಿಯಲ್ಲಿ ನಿಂತಿರಬೇಕು.

ದೊಡ್ಡ ಪಂದ್ಯಗಳಲ್ಲಿ ಆಜ್ಞೆಗಳು ಇಂಗ್ಲಿಷಿನಲ್ಲಿಯೇ ಇರುತ್ತವೆ, ಮಕ್ಕಳು ಅದಕ್ಕೆ ಒಗ್ಗಿಕೊಳ್ಳಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ಒಗ್ಗಿಕೊಳ್ಳಲಿ. 'ಲೋಡ್' ಎಂಬ ಕೂಗು ಕೇಳಿದಾಗ ಕೈ ಏನು ಮಾಡಬೇಕು, 'ಸ್ಟಾಪ್' ಕೇಳಿದಾಗ ಏನು ಮಾಡಬಾರದು ಎಂಬುದನ್ನು ಮೊದಲು ತಾಯಿನುಡಿಯಲ್ಲಿ ತಿಳಿದ ಮಗು, ಮುಂದೆ ಆ ಇಂಗ್ಲಿಷ್ ಪದ ಕೇಳಿ ಗಾಬರಿಯಾಗುವುದಿಲ್ಲ. ಅರ್ಥ ತಿಳಿಯದೆ ಬರೀ ಸದ್ದಿಗೆ ಒಗ್ಗಿದ ಮಗು ಕುಂದಗೋಳದ ಆ ಹುಡುಗನಂತೆ ಸದ್ದು ಬಂದ ಕಡೆಗೆ ತಿರುಗುತ್ತದೆ.

ನಾನೇ ಒಂದು ಡ್ರಾಯಿಂಗ್ ಹಾಳೆಯ ಮೇಲೆ ಇವನ್ನು ಬರೆದಿದ್ದೇನೆ. 'ಗುಂಡು ತುಂಬಿ ಸಿದ್ಧರಾಗಿ', 'ಸಿದ್ಧರಿದ್ದೀರಾ?', 'ಮುಗಿದಿದ್ದರೆ ಗುಂಡು ತೆಗೆದು ಖಾಲಿ ತೋರಿಸಿ' ಎಂಬ ಆಜ್ಞೆಗಳು ಒಂದು ಬದಿಗಿವೆ, ಅವುಗಳ ಇಂಗ್ಲಿಷ್ ಕೂಗು ಕನ್ನಡ ಲಿಪಿಯಲ್ಲಿ ಇನ್ನೊಂದು ಬದಿಗಿದೆ. ಎಲ್ಲಕ್ಕಿಂತ ಮೇಲೆ ಕೆಂಪು ಮಸಿಯಲ್ಲಿ 'ಯಾರು ಕರೆದರೂ ತಿರುಗಬೇಡ. ಮೊದಲು ಪಿಸ್ತೂಲು ಕೆಳಗಿಡು' ಎಂದು ಬರೆದಿದ್ದೇನೆ. ಆ ಹುಡುಗ ತರಬೇತಿ ಬಿಡಲಿಲ್ಲ. ಮಝಲ್ ಎಂಬಲ್ಲಿ 'ನಳಿಗೆಯ ಬಾಯಿ' ಎಂದು ಬರೆದು ಬಾಣದ ಗುರುತು ಹಾಕಿಕೊಟ್ಟವನು ಅವನೇ. ಮೇಲೆ ಹೇಳಿದ ನಾಲ್ಕು ಊರುಗಳ ಪೈಕಿ ಯಾವುದೇ ತರಬೇತಿ ಕೇಂದ್ರದವರು ಕೇಳಿದರೂ ಅದರ ಪ್ರತಿ ಮಾಡಿಸಿ, ನಾನೇ ತಂದು ಗೋಡೆಗೆ ಅಂಟಿಸಿಕೊಡಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಧಾರವಾಡ