ಹೆಸರು ಹೇಳುವ ಹಾಗಿಲ್ಲ, ಆದರೂ ಥ್ಯಾಂಕ್ಸ್

ಕುವೆಂಪು ವಿಶ್ವವಿದ್ಯಾಲಯದ ಪರೀಕ್ಷಾಂಗ ಕುಲಸಚಿವನ ಹೊಣೆಯನ್ನು ಕಳೆದ ವಾರ ಬಿಟ್ಟುಕೊಟ್ಟೆ. ಚಾರ್ಜ್ ವಹಿಸಿದ್ದಾಯಿತು, ಬೀರುಗಳ ಬೀಗದ ಕೈ ಹೊಸಬರ ಕೈಗೆ ಹೋಯಿತು. ಇನ್ನು ಒಂದು ವರ್ಷ ಅಧ್ಯಯನ ರಜೆ. ಆಮೇಲೆ ಮತ್ತೆ ಇತಿಹಾಸ ವಿಭಾಗ, ಮತ್ತೆ ಪಾಠ. ಶಂಕರಘಟ್ಟದಿಂದ ಹೊರಡುವ ಮುಂಚೆ ಕೆಲವರಿಗೆ ಕೃತಜ್ಞತೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ.

ಆದರೆ ಯಾರ ಹೆಸರನ್ನೂ ಹೇಳುವ ಹಾಗಿಲ್ಲ. ಪ್ರಶ್ನೆಪತ್ರಿಕೆ ತೆಗೆದವರು ಯಾರು, ಯಾವ ಬಂಡಲ್ ಯಾರ ಕೈಗೆ ಹೋಯಿತು, ಇದನ್ನೆಲ್ಲ ಬಾಯಿ ಬಿಡಬಾರದು ಅನ್ನುವುದೇ ಪರೀಕ್ಷಾಂಗದ ಮೊದಲ ನಿಯಮ. ಕುರ್ಚಿ ಬಿಟ್ಟ ಮೇಲೂ ಆ ನಿಯಮ ನನ್ನನ್ನು ಬಿಡುವುದಿಲ್ಲ. ಓದುವಾಗ ತಮ್ಮ ಬಗ್ಗೆಯೇ ಬರೆದಿದ್ದು ಅಂತ ಅವರವರಿಗೆ ಗೊತ್ತಾಗುತ್ತದೆ, ಅಷ್ಟು ಸಾಕು.

ಮೊದಲು, ಬಂಡಲ್ ಕಟ್ಟುವ ಅಕ್ಕಂದಿರಿಗೆ. ಈಗ ಅರ್ಜಿಯಿಂದ ಫಲಿತಾಂಶದವರೆಗೆ ಎಲ್ಲವೂ ಯುಯುಸಿಎಂಎಸ್ ಅನ್ನುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ, ಕಂಪ್ಯೂಟರ್ ಒತ್ತಿದರೆ ಪರೀಕ್ಷೆ ಆಗುತ್ತದೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಒಳಗೆ ಬಂದು ನೋಡಬೇಕು. ದಬ್ಬಳಕ್ಕೆ ದಾರ ಪೋಣಿಸಿ, ಬಟ್ಟೆ ಚೀಲದ ಬಾಯಿ ಹೊಲಿದು, ಗಂಟಿನ ಮೇಲೆ ಬಿಸಿ ಅರಗು ಬಿಟ್ಟು, ಅದು ಆರುವ ಮೊದಲೇ ಮುದ್ರೆ ಒತ್ತಬೇಕು. ಸ್ವಲ್ಪ ತಡವಾದರೆ ಮುದ್ರೆ ಮೂಡುವುದಿಲ್ಲ, ಅವಸರ ಮಾಡಿದರೆ ಬೆರಳು ಸುಡುತ್ತದೆ. ಒಬ್ಬರ ಹೆಬ್ಬೆರಳಲ್ಲಿ ಆ ಸುಟ್ಟ ಕಲೆ ಕಾಯಂ ಆಗಿದೆ. ಒಂದು ಸಲವೂ ಅದನ್ನು ಹೇಳಿಕೊಂಡವರಲ್ಲ. ಅಕ್ಕಾ, ಆ ಕಲೆ ನಾನು ನೋಡಿದ್ದೇನೆ.

ಆಮೇಲೆ ಡ್ರೈವರ್‌ಗಳಿಗೆ. ನಮ್ಮದು ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಕಾಲೇಜುಗಳನ್ನು ನೋಡಿಕೊಳ್ಳುವ ವಿಶ್ವವಿದ್ಯಾಲಯ. ಅಂದರೆ ಮಳೆಗಾಲದ ಪರೀಕ್ಷೆಗೆ ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪ ಎಲ್ಲಾ ಕಡೆ ಜೀಪು ತಲುಪಲೇಬೇಕು. ಆ ಕಡೆ ಮಳೆ ಹಿಡಿದರೆ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ ಅಲ್ವಾ? ಒಮ್ಮೆ ರಸ್ತೆಗೆ ಅಡ್ಡ ಮರ ಬಿದ್ದಿತ್ತು. ನಮ್ಮ ಡ್ರೈವರಣ್ಣ ಟಾರ್ಪಾಲನ್ನು ಬಂಡಲ್‌ಗಳಿಗೆ ಹೊದಿಸಿ, ತಾನು ನೆನೆದುಕೊಂಡೇ ಪಕ್ಕದ ಮನೆಯಿಂದ ಕತ್ತಿ ತಂದು, ಊರಿನವರನ್ನು ಸೇರಿಸಿಕೊಂಡು ಕೊಂಬೆ ಕಡಿದು ದಾರಿ ಮಾಡಿದರು. ನನಗೆ ಫೋನ್ ಮಾಡಿದ್ದು ಕಾಲೇಜು ಮುಟ್ಟಿದ ಮೇಲೆ. "ಸರ್, ಪೇಪರ್ ನೆನೆದಿಲ್ಲ" ಅಂದರು. ಬೇರೆ ಏನನ್ನೂ ಹೇಳಲಿಲ್ಲ.

ಕೇಸ್ ವರ್ಕರ್‌ಗಳಿಗೆ ಎಷ್ಟು ಹೇಳಿದರೂ ಕಡಿಮೆಯೇ. ರಾಜ್ಯದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು, 2024ರಲ್ಲಿ ಹೋಯಿತು, ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂತು. ಪೇಪರಿನಲ್ಲಿ ಓದುವವರಿಗೆ ಅದು ಒಂದು ಸುದ್ದಿ. ಇವರ ಮೇಜಿನ ಮೇಲೆ ಹಳೇ ಸ್ಕೀಮಿನ ಬಾಕಿ ವಿಷಯದ ಹುಡುಗ, ಎನ್‌ಇಪಿ ಹುಡುಗಿ, ಹೊಸ ಸ್ಕೀಮಿನ ಮಕ್ಕಳು, ಎಲ್ಲರೂ ಒಟ್ಟಿಗೇ ಬಂದು ನಿಂತರು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕದ ಅಂಕ. ಒಂದು ಸಂಜೆ ಸಾಗರದ ಕಡೆಯ ಅಪ್ಪ, ಮಗಳು ಬಂದಿದ್ದರು. ಬೆಳಗಾದರೆ ಅವಳು ಕೆಲಸಕ್ಕೆ ಸೇರಬೇಕು, ಒಂದು ಸೆಮಿಸ್ಟರಿನ ಅಂಕಪಟ್ಟಿ ಇಲ್ಲ. ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದ ನಮ್ಮ ಕೇಸ್ ವರ್ಕರ್ ಅದನ್ನು ಕೆಳಗಿಟ್ಟು, ಮತ್ತೆ ಕುರ್ಚಿ ಎಳೆದು ಕೂತರು. ಲೆಡ್ಜರ್ ತೆಗೆಸಿ, ತಾಳೆ ನೋಡಿ, ನನ್ನ ಸಹಿ ಹಾಕಿಸಿ, ಕಡೇ ಬಸ್ಸಿನ ಹೊತ್ತಿಗೆ ಅವರನ್ನು ಕಳಿಸಿಕೊಟ್ಟರು. ಅಂಕಪಟ್ಟಿಯಲ್ಲಿ ಕಾಣುವುದು ನನ್ನ ಸಹಿ. ಕೆಲಸ ಇವರದ್ದು.

ಕುಲಪತಿಗಳಿಗೆ, ಸಿಂಡಿಕೇಟ್ ಸದಸ್ಯರಿಗೆ, ಎರಡೂ ಜಿಲ್ಲೆಗಳ ಪ್ರಾಂಶುಪಾಲರಿಗೆ ನಮಸ್ಕಾರ. ನನ್ನ ತರಗತಿಗಳನ್ನು ಹಂಚಿಕೊಂಡ ವಿಭಾಗದ ಗೆಳೆಯರಿಗೆ, ಫಲಿತಾಂಶದ ದಿನಗಳಲ್ಲಿ ನನ್ನ ಮುಖ ನೋಡಿಯೇ ಊಟ ಬಡಿಸುತ್ತಿದ್ದ ಹೆಂಡತಿಗೆ, "ಮಕ್ಕಳ ಭವಿಷ್ಯ ಕಣೋ, ಜೋಪಾನ" ಅಂತ ಪ್ರತಿ ಫೋನಿನಲ್ಲೂ ಹೇಳಿದ ಅಮ್ಮನಿಗೆ ಕೂಡ.

ಈ ರಜೆಯಲ್ಲಿ ಮಾಡಬೇಕೆಂದಿರುವ ಕೆಲಸವೂ ಇವರೆಲ್ಲ ಕೊಟ್ಟಿದ್ದೇ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದ್ದ ಕೋಡಿಮಠದ ಬಗ್ಗೆ 1162ರ ಶಾಸನ ಒಂದಿದೆ, ಕಳಚೂರಿ ಬಿಜ್ಜಳನ ಕಾಲದ್ದು. ನಾಲ್ಕು ವೇದ, ಪಾಣಿನಿ, ಶಾಕಟಾಯನರ ವ್ಯಾಕರಣ ಎಲ್ಲ ಕಲಿಸುತ್ತಿದ್ದ ಜಾಗ ಅಂತ ಅದು ಹೊಗಳುತ್ತದೆ. ದಿಕ್ಕಿಲ್ಲದವರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು ಅಂತಲೂ ಹೇಳುತ್ತದೆ. ಇದನ್ನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಆ ಅನ್ನ ಬೇಯಿಸಿದವರು ಯಾರು, ಓಲೆಗರಿ ಜೋಪಾನ ಮಾಡಿದವರು ಯಾರು ಅನ್ನುವ ಪ್ರಶ್ನೆ ಗಟ್ಟಿಯಾಗಿ ಎದ್ದಿದ್ದು ಮಾತ್ರ ಪರೀಕ್ಷಾಂಗಕ್ಕೆ ಬಂದ ಮೇಲೆ. ಹೆಸರು ಉಳಿಸಿಕೊಂಡವರು ಕೆಲವರಿದ್ದಾರೆ. ಅದೇ ತಾಲ್ಲೂಕಿನ ತಾಳಗುಂದದಲ್ಲಿರುವ ಕದಂಬರ ಕಾಲದ ಶಾಸನ ಕಂಬದಲ್ಲಿ ಕವಿ ಕುಬ್ಜ, ಈ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆ ಅಂತ ಹೇಳಿಕೊಂಡಿದ್ದಾನೆ. ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಬೇಲೂರಿನ ಶಿಲ್ಪಗಳ ಮೇಲೆ ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ಉಳಿದವರನ್ನು ಹುಡುಕಬೇಕು. ಶಾಸನತಜ್ಞ ಬಿ. ಎಲ್. ರೈಸ್ ಅವರು 1902ರಲ್ಲಿ ತಂದ, ಈ ಭಾಗದ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟವನ್ನು ಈ ಕಣ್ಣಿನಿಂದ ಮತ್ತೆ ಮೊದಲಿನಿಂದ ಓದುತ್ತೇನೆ. ಕಲ್ಲುಗಳ ಹತ್ತಿರವೂ ಹೋಗುತ್ತೇನೆ.

ಶಿಕಾರಿಪುರ, ಸೊರಬದ ಕಡೆ ಇರುವ ನನ್ನ ಹಳೇ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮೂರಿನ ತೋಟದ ಬೇಲಿಯಲ್ಲೋ ಕೆರೆ ಏರಿಯ ಮೇಲೋ ಅಕ್ಷರ ಇರುವ ಕಲ್ಲು ಕಂಡಿದ್ದರೆ ತಿಳಿಸಿ. ತೊಳೆಯಲು, ಉಜ್ಜಲು ಹೋಗಬೇಡಿ, ಕಲ್ಲು ಇರುವ ಹಾಗೇ ಇರಲಿ. ಮಳೆ ಹಿಡಿಯುವುದರೊಳಗೆ ನಾನೇ ಬಂದು ನೋಡುತ್ತೇನೆ.