ರೈತರು ಚೀಲ ಅಂದರೆ ಚೀಲ ಎಂದೇ ಬರೆಯೋಣ

ಸಂಪಾದಕರಿಗೆ ನಮಸ್ಕಾರ.

ನಾನು ಗಂಗಾವತಿಯವಳು. ಏಳು ವರ್ಷದಿಂದ ಮನೆಯಲ್ಲೇ ಕೂತು ಆಡಿಯೊ ಕೇಳಿ ಟೈಪ್ ಮಾಡುವ ಕೆಲಸ ಮಾಡುತ್ತಿದ್ದೇನೆ. ಸಂಶೋಧನೆ ಮಾಡುವ ಹುಡುಗರು, ಸರ್ವೆ ಮಾಡುವ ಸಂಸ್ಥೆಯವರು ಹಳ್ಳಿಗಳಿಗೆ ಹೋಗಿ ಜನರ ಮಾತು ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಅದನ್ನು ಅಕ್ಷರಕ್ಕೆ ಇಳಿಸುವುದು ನನ್ನಂಥವರು. ಕೆಲಸ ಕೊಡುವವರಲ್ಲಿ ಕೆಲವರಾದರೂ ನಿಮ್ಮ ಪತ್ರಿಕೆ ಓದುತ್ತಾರೆ ಎಂಬ ನಂಬಿಕೆಯಿಂದ ಈ ಪತ್ರ.

2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಅದಾದ ಮೇಲೆ ಎಡದಂಡೆ ಕಾಲುವೆಯ ರೈತರ ಆಡಿಯೊಗಳು ನನಗೆ ಬಂದವು. ಒಂದರಲ್ಲಿ ಒಬ್ಬ ಹಿರಿಯರು, "ನೀರು ಚಲೋ ಸಿಕ್ರ ಎಕರೆಕ್ಕ ನಲವತ್ತು ಚೀಲ ನೆಲ್ಲು ಬರ್ತೈತ್ರಿ" ಅಂದಿದ್ದರು. ಹಾಗೇ ಟೈಪ್ ಮಾಡಿ ಕಳಿಸಿದೆ. ಕೆಲಸ ಕೊಟ್ಟವರು ತಿದ್ದಿದ ಪ್ರತಿ ಆಮೇಲೆ ನನ್ನ ಕಣ್ಣಿಗೆ ಬಿತ್ತು. "ಎಕರೆಗೆ 40 ಕ್ವಿಂಟಲ್ ಭತ್ತ ಬರುತ್ತದೆ" ಎಂದಿತ್ತು. ನಮ್ಮ ಕಡೆ ನೆಲ್ಲಿನ ಚೀಲ ಅಂದರೆ 75 ಕೆ.ಜಿ. 40 ಚೀಲಕ್ಕೆ 30 ಕ್ವಿಂಟಲ್ ಆಗುತ್ತದೆ. ಆ ಹಿರಿಯರು ಹೇಳದೇ ಇದ್ದ 10 ಕ್ವಿಂಟಲ್ ಅವರ ಹೆಸರಿಗೆ ಬಂತು. ನಷ್ಟದ ಲೆಕ್ಕ ಹೇಳಲು ಬಾಯಿಬಿಟ್ಟವರು ಅವರು! ಫೋನ್ ಮಾಡಿ ಕೇಳಿದೆ. "ಶುದ್ಧ ಭಾಷೆಗೆ ತಂದಿದ್ದೇವೆ ಅಷ್ಟೇ ಮೇಡಂ" ಎಂದರು. ನನಗೆ ಬಹಳ ಬೇಜಾರಾಯಿತು.

ನೆಲ್ಲು ಎಂಬುದು ತಪ್ಪು ಪದವಲ್ಲ. ನಮ್ಮವ್ವ, ನಮ್ಮಜ್ಜಿ ಎಲ್ಲರೂ ಹಾಗೇ ಅಂದವರು. ರಾಯಚೂರು, ಕೊಪ್ಪಳ ನಿಜಾಮರ ಕಾಲ ಕಂಡಿವೆ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು. ಉರ್ದು, ತೆಲುಗು ನಮ್ಮ ಮಾತಿನಲ್ಲಿ ಬೆರೆತೇ ಇವೆ. ಅದನ್ನು ಸೋಸಿ ತೆಗೆದರೆ ಆ ಮನುಷ್ಯ ಮಾತಾಡಿದ ಹಾಗೆ ಇರುವುದಿಲ್ಲ. ವರದಿಗೆ ಸರಳ ಕನ್ನಡ ಬೇಕಾದರೆ ಬೇರೆ ಪ್ರತಿ ಮಾಡಿಕೊಳ್ಳಿ. ಮೊದಲ ಪ್ರತಿಯಲ್ಲಿ ಮಾತ್ರ ಕೈ ಹಾಕಬೇಡಿ.

ಕೂಲಿಯ ವಿಷಯವನ್ನೂ ಹೇಳಲೇಬೇಕು. ಆಡಿಯೊ ಎಷ್ಟು ನಿಮಿಷವೋ ಅಷ್ಟಕ್ಕೇ ದುಡ್ಡು ಲೆಕ್ಕ ಹಾಕುತ್ತಾರೆ. ಒಬ್ಬರೇ ಸ್ಪಷ್ಟವಾಗಿ ಮಾತಾಡಿದ ಒಂದು ಗಂಟೆಯ ಆಡಿಯೊಗೆ ನನಗೆ ನಾಲ್ಕು ಗಂಟೆ ಬೇಕು. ಗುಂಪಿನಲ್ಲಿ ಕೂಡಿಸಿ ಮಾತಾಡಿಸಿದ್ದರೆ ಏಳೆಂಟು ಗಂಟೆ. ಎಂಟು ಜನ ಒಟ್ಟಿಗೇ ಮಾತಾಡುತ್ತಾರೆ, ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಪಕ್ಕದಲ್ಲಿ ರೈಸ್ ಮಿಲ್. ಯಾರು ಯಾವುದನ್ನು ಅಂದರು ಎಂದು ದನಿಯ ಮೇಲೆ ಗುರುತಿಸಬೇಕು. ಒಂದೇ ಸಾಲನ್ನು ಹತ್ತು ಸಲ ಕೇಳಿದ್ದುಂಟು. ಹಾಗಾಗಿ ಈಗ ಮೊದಲು ಐದು ನಿಮಿಷ ಆಡಿಯೊ ಕೇಳಿಸಿಕೊಳ್ಳದೆ ರೇಟ್ ಹೇಳುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವ ತಂಗಿಯರೇ, ನೀವೂ ಒಪ್ಪಬೇಡಿ.

ಎಷ್ಟು ಕೇಳಿದರೂ ತಿಳಿಯದಿದ್ದರೆ ಊಹಿಸಿ ಬರೆಯುವುದಿಲ್ಲ. "ಕೇಳಿಸಿಲ್ಲ, 12:40" ಎಂದು ಆಡಿಯೊದ ಸಮಯ ಹಾಕುತ್ತೇನೆ. ಕೊಟ್ಟವರು ಅಲ್ಲಿಗೇ ಹೋಗಿ ಕೇಳಿಕೊಳ್ಳಬಹುದು. ಇದನ್ನು ನೋಡಿ ಒಬ್ಬರು ದುಡ್ಡು ಕಡಿಮೆ ಮಾಡಿದ್ದರು. ಸುಮ್ನೆ ಏನೋ ಒಂದು ತುಂಬಿದ್ದರೆ ಪೂರ್ತಿ ಕೊಡುತ್ತಿದ್ದರು, ಅಲ್ವಾ?

ಈಗ ಮೊಬೈಲೇ ಟೈಪ್ ಮಾಡುತ್ತದಲ್ಲ ಎನ್ನುತ್ತಾರೆ. ನಾನೂ ಹಾಕಿ ನೋಡಿದ್ದೇನೆ. ಸುದ್ದಿ ಓದುವವರ ಕನ್ನಡಕ್ಕೆ ಚೆನ್ನಾಗಿ ಬರುತ್ತದೆ. ನಮ್ಮ ಅಜ್ಜಿಯಂದಿರ ಮಾತಿಗೆ ಹಚ್ಚಿದರೆ ತಿದ್ದಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಇನ್ನೊಂದು ಭಯವೂ ಇದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಾಲ, ಗಂಡನ ಕುಡಿತ ಎಲ್ಲ ಹೇಳಿಕೊಂಡಿರುತ್ತಾರೆ. ಅದನ್ನು ಯಾವುದೋ ಆ್ಯಪ್‌ಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಹೆಡ್‌ಫೋನ್ ಇಲ್ಲದೆ ಮನೆಯವರ ಮುಂದೂ ಕೇಳುವುದಿಲ್ಲ. ಕೆಲಸ ಒಪ್ಪಿಸಿ, ಅವರು ಸರಿ ಎಂದ ಮೇಲೆ ಫೈಲ್ ಅಳಿಸುತ್ತೇನೆ.

ರೆಕಾರ್ಡ್ ಮಾಡಲು ಹೊರಟವರಲ್ಲಿ ನನ್ನ ಕೋರಿಕೆ ಇಷ್ಟು. ಫ್ಯಾನ್ ಆರಿಸಿ. ಫೋನನ್ನು ಜೇಬಿನಲ್ಲಿ ಇಟ್ಟುಕೊಳ್ಳದೆ ಮಾತಾಡುವವರ ಹತ್ತಿರ ಇಡಿ. ಶುರುವಿನಲ್ಲಿ ಒಬ್ಬೊಬ್ಬರಿಂದಲೂ ಹೆಸರು ಹೇಳಿಸಿ, ದನಿ ಗುರುತು ಸಿಗುತ್ತದೆ. ಹಳ್ಳಿಯ ಹೆಸರು, ಕಾಲುವೆಯ ನಂಬರು, ಬೆಳೆಯ ತಳಿ ಇವನ್ನು ಒಂದು ಹಾಳೆಯಲ್ಲಿ ಬರೆದು ಫೋಟೊ ಹೊಡೆದು ಆಡಿಯೊ ಜೊತೆ ಕಳಿಸಿ. ಚೀಲ ಅಂದರೆ ಎಷ್ಟು ಕೆ.ಜಿ. ಎಂಬುದನ್ನು ಅಲ್ಲೇ, ಆ ರೈತರನ್ನೇ ಕೇಳಿ ಬರೆದುಕೊಳ್ಳಿ.

ಇಂತಿ,
ನಿಮ್ಮ ಓದುಗಿ,
ಗಂಗಾವತಿ, ಕೊಪ್ಪಳ ಜಿಲ್ಲೆ